ತಾಗಿದಾಗಲೋ, ತಾಗಿದೊಡನೆಯೋ? ಅಳತೆಯ ಕಡ್ಡಿಯೂ ಪೇಟೆಂಟು ಪರೀಕ್ಷಕನೂ

ಬಾವಿಯ ನೀರು ಎಷ್ಟು ಆಳದಲ್ಲಿದೆಯೆಂದು ತಿಳಿಯಲು ನಮ್ಮ ಹಿರಿಯರು ಯಾವ ಯಂತ್ರವನ್ನೂ ತರಿಸಲಿಲ್ಲ. ಕೊಡಕ್ಕೆ ಹಗ್ಗ ಕಟ್ಟಿ ಇಳಿಬಿಡುವುದು. ಕೊಡ ನೀರಿಗೆ ತಾಗಿದ ಗಳಿಗೆ ಕೈಯಲ್ಲಿ ಹಗ್ಗ ಸಡಿಲವಾಗುತ್ತದೆ. ಅಲ್ಲಿ ಒಂದು ಗಂಟು ಹಾಕಿ, ಮೇಲೆಳೆದು, ಮೊಳ ಹಾಕಿದರೆ ಆಳ ಸಿಕ್ಕಿತು. ಇದರಲ್ಲಿ ಎರಡು ಕೆಲಸಗಳಿವೆ. ತಾಗಿತೆಂಬುದನ್ನು ಅರಿಯುವುದು ಒಂದು. ಆಗ ಎಷ್ಟು ಹಗ್ಗ ಇಳಿದಿತ್ತೆಂದು ಲೆಕ್ಕ ಹಿಡಿಯುವುದು ಇನ್ನೊಂದು. ಮುಟ್ಟಿ ದೂರವನ್ನು ಅಳೆಯುವ ಸಾಧನಗಳೆಲ್ಲವೂ, ಎಷ್ಟೇ ನಾಜೂಕಾಗಿರಲಿ, ಮಾಡುವುದು ಈ ಎರಡೇ ಕೆಲಸಗಳನ್ನು. ಲೆಕ್ಕ ಹಿಡಿಯುವುದು ಸುಲಭ. ತೊಡಕಿರುವುದು ‘ತಾಗಿತು’ ಎಂಬುದರಲ್ಲಿ.

ಈ ತೊಡಕು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ರೋಲ್ಸ್‌ರಾಯ್ಸ್ ಕಾರ್ಖಾನೆಯಲ್ಲಿ ದೊಡ್ಡದಾಗಿಯೇ ಎದುರಾಯಿತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿಗೆ ಸಣ್ಣ ಸಣ್ಣ ಇಂಧನದ ಕೊಳವೆಗಳನ್ನು ಅಳೆಯಬೇಕಾಗಿತ್ತು. ಅಳತೆಯಂತ್ರವೇನೋ ಇತ್ತು, ಅದರ ಮೂರು ದಿಕ್ಕಿನ ಪಟ್ಟಿಗಳು ಸೂಕ್ಷ್ಮವಾಗಿಯೇ ಅಂಕಿ ಹೇಳುತ್ತಿದ್ದವು. ಆದರೆ ಯಂತ್ರದ ತುದಿಯಲ್ಲಿದ್ದುದು ಗಟ್ಟಿಯಾದ ಕಡ್ಡಿ. ಅದನ್ನು ಕೊಳವೆಗೆ ಒತ್ತಿದರೆ ತೆಳ್ಳನೆಯ ಕೊಳವೆಯೇ ಬಾಗುತ್ತದೆ. ಅಳೆಯ ಹೊರಟ ವಸ್ತುವೇ ಅಳೆಯುವಾಗ ಜರುಗಿದರೆ ಬಂದ ಅಂಕಿಗೆ ಏನು ಬೆಲೆ? ಅಲ್ಲಿದ್ದ ಡೇವಿಡ್ ಮೆಕ್‌ಮರ್ಟ್ರಿ ಎಂಬ, ಐರ್ಲೆಂಡಿನಲ್ಲಿ ಹುಟ್ಟಿದ ಎಂಜಿನಿಯರು ಇದಕ್ಕೊಂದು ಉಪಾಯ ಕಂಡುಹಿಡಿದ. 1972ರಲ್ಲಿ ಅದಕ್ಕಾಗಿ ಪೇಟೆಂಟಿನ ಅರ್ಜಿ ಹೋಯಿತು. ಮರುವರ್ಷ ಆತ ಜಾನ್ ಡೀರ್ ಎಂಬ ಸಹೋದ್ಯೋಗಿಯೊಡನೆ ಸೇರಿ ರೆನಿಶಾ ಎಂಬ ಕಂಪೆನಿಯನ್ನು ಕಟ್ಟಿದ.

ಉಪಾಯ ಹೀಗಿದೆ. ಮುಟ್ಟುವ ಕಡ್ಡಿಯ ತುದಿಯಲ್ಲಿ ಒಂದು ಪುಟ್ಟ ಗುಂಡು. ಮೇಲುಗಡೆ, ಕಡ್ಡಿಯ ಬುಡದಿಂದ ಮೂರು ಸಣ್ಣ ಸಲಾಕೆಗಳು ಮೂರು ದಿಕ್ಕಿಗೆ ಸಮಾನ ಅಂತರದಲ್ಲಿ ಚಾಚಿಕೊಂಡಿವೆ. ಒಂದೊಂದು ಸಲಾಕೆಯೂ ಎರಡೆರಡು ಗುಂಡುಗಳ ಸಂದಿಯಲ್ಲಿ ಕುಳಿತಿದೆ. ಹೀಗೆ ಒಟ್ಟು ಆರು ಕಡೆ ಸ್ಪರ್ಶ. ಮೇಲಿನಿಂದ ಒಂದು ಸ್ಪ್ರಿಂಗು ಇದನ್ನು ಮೆಲ್ಲಗೆ ಅದುಮಿ ಹಿಡಿದಿದೆ. ಆ ಆರು ಸ್ಪರ್ಶಗಳ ಮೂಲಕ ಅಲ್ಪ ವಿದ್ಯುತ್ತು ಸರಪಣಿಯಂತೆ ಹರಿಯುತ್ತಿರುತ್ತದೆ. ಕೆಳಗಿನ ಗುಂಡು ಏನಾದರೊಂದಕ್ಕೆ ತಾಗಿತೆನ್ನಿ. ಕಡ್ಡಿ ಕೂದಲೆಳೆಯಷ್ಟು ವಾಲುತ್ತದೆ, ಆರರಲ್ಲಿ ಯಾವುದೋ ಒಂದು ಸ್ಪರ್ಶ ಸಡಿಲವಾಗುತ್ತದೆ, ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಅದೇ ಸಂಕೇತ. ಯಂತ್ರ ಆ ಗಳಿಗೆಯಲ್ಲಿ ಮೂರು ಪಟ್ಟಿಗಳ ಅಂಕಿಯನ್ನೂ ಬರೆದುಕೊಳ್ಳುತ್ತದೆ. ಕಡ್ಡಿಯನ್ನು ಹಿಂದಕ್ಕೆ ತೆಗೆದೊಡನೆ ಸ್ಪ್ರಿಂಗು ಅದನ್ನು ಮತ್ತೆ ಅದೇ ಜಾಗಕ್ಕೆ ತಂದು ಕೂರಿಸುತ್ತದೆ.

ಅದೇ ಜಾಗ ಎಂದರೆ ಎಷ್ಟು ಅದೇ? ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ. ಇದು ಹೇಗೆ ಸಾಧ್ಯವೆಂದು ಕೇಳಿದರೆ ಅಡುಗೆಮನೆಯ ಮಣೆಯನ್ನು ನೋಡಬೇಕು. ನಾಲ್ಕು ಕಾಲಿನ ಮಣೆ ನೆಲ ಸರಿಯಿಲ್ಲದಿದ್ದರೆ ಕುಂಟುತ್ತದೆ. ಮೂರು ಕಾಲಿನದು ಎಲ್ಲಿಟ್ಟರೂ ಕುಂಟುವುದಿಲ್ಲ. ಬೇಕಾದಷ್ಟೇ ಆಧಾರ ಕೊಟ್ಟರೆ ವಸ್ತು ತನ್ನ ಸ್ಥಾನವನ್ನು ತಾನೇ ಹುಡುಕಿಕೊಳ್ಳುತ್ತದೆ. ಹೆಚ್ಚು ಕೊಟ್ಟರೆ ಆಧಾರಗಳೇ ಪರಸ್ಪರ ಜಗಳವಾಡುತ್ತವೆ. ವಸ್ತುವೊಂದು ಮೂರು ದಿಕ್ಕಿನಲ್ಲಿ ಜರುಗಬಹುದು, ಮೂರು ಬಗೆಯಲ್ಲಿ ತಿರುಗಬಹುದು. ಒಟ್ಟು ಆರು ಚಲನೆ. ಅವನ್ನು ತಡೆಯಲು ಆರು ಸ್ಪರ್ಶ ಸಾಕು.

ಇಲ್ಲಿ ಪೇಟೆಂಟು ಪರೀಕ್ಷಕನ ಪ್ರವೇಶವಾಗುತ್ತದೆ. ಪೇಟೆಂಟೆಂದರೆ ಸರಕಾರ ಕೊಡುವ ಬಿರುದೆಂದು ತಿಳಿದವರು ಬಹಳ ಮಂದಿ. ಹಾಗಲ್ಲ; ಅದೊಂದು ಕೊಡುಕೊಳೆ. ‘ನನ್ನ ಗುಟ್ಟನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡುತ್ತೇನೆ’ ಎನ್ನುತ್ತಾನೆ ಸಂಶೋಧಕ. ‘ಹಾಗಾದರೆ ಕೆಲವು ವರ್ಷ ನಿನ್ನ ಅನುಮತಿಯಿಲ್ಲದೆ ಬೇರೆಯವರು ಅದನ್ನು ಮಾಡದಂತೆ ತಡೆಯುವ ಹಕ್ಕು ನಿನ್ನದು’ ಎನ್ನುತ್ತದೆ ಸರಕಾರ. ಕೊಟ್ಟ ಗುಟ್ಟು ನಿಜವಾಗಿಯೂ ಗುಟ್ಟೇ, ಅಥವಾ ಊರಿಗೆಲ್ಲ ಗೊತ್ತಿದ್ದ ಸಂಗತಿಯೇ ಎಂದು ನೋಡುವವನು ಪರೀಕ್ಷಕ.

ಮೆಕ್‌ಮರ್ಟ್ರಿಯ ಕಡ್ಡಿಯಂಥದೊಂದು ಅವನ ಮೇಜಿಗೆ ಬಂದರೆ ಏನೆಂದಾನು? ಆರು ಸ್ಪರ್ಶಗಳ ಪೀಠ ಹಳೆಯದು. ಕೆಲ್ವಿನ್, ಮ್ಯಾಕ್ಸ್‌ವೆಲ್ ಮುಂತಾದ ವಿಜ್ಞಾನಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಅದನ್ನು ಬಲ್ಲರು. ಸ್ಪ್ರಿಂಗು ಹಳೆಯದು. ಸ್ಪರ್ಶ ತಪ್ಪಿದರೆ ವಿದ್ಯುತ್ತು ನಿಲ್ಲುವುದು ನಮ್ಮ ಮನೆಯ ದೀಪದ ಸ್ವಿಚ್ಚಿಗೂ ಗೊತ್ತು. ಹಾಗಾದರೆ ಹೊಸತೇನು? ಉತ್ತರ ಕೊಡಬೇಕಾದವನು ಅರ್ಜಿದಾರ. ನನಗೆ ತೋರುವಂತೆ ಉತ್ತರ ಇದು: ಕಡ್ಡಿಯನ್ನು ಸ್ಥಾನದಲ್ಲಿ ಕೂರಿಸುವ ಪೀಠವೇ ಇಲ್ಲಿ ಸ್ವಿಚ್ಚೂ ಆಗಿದೆ. ಕೂರಿಸಲೊಂದು, ಸಂಕೇತಕ್ಕೊಂದು ಎಂದು ಬೇರೆ ಬೇರೆ ಭಾಗಗಳಿದ್ದರೆ ಅವೆರಡರ ನಡುವೆ ವ್ಯತ್ಯಾಸ ನುಸುಳುತ್ತದೆ. ಎರಡೂ ಒಂದೇ ಆದಾಗ ಆ ವ್ಯತ್ಯಾಸಕ್ಕೆ ಎಡೆಯೇ ಕಡಿಮೆ. ಹಳೆಯ ಸಾಮಾನುಗಳು ಸೇರಿ ಹೊಸ ಫಲ ಕೊಟ್ಟಿವೆ.

ನಮ್ಮ ದೇಶದ ಕಾಯಿದೆಯಲ್ಲಿ ಈ ವಿವೇಚನೆಗೆ ಸ್ಪಷ್ಟವಾದ ಆಧಾರವಿದೆ. 1970ರ ಪೇಟೆಂಟು ಕಾಯಿದೆ 1972ರ ಏಪ್ರಿಲ್ 20ರಿಂದ ಜಾರಿಗೆ ಬಂತು. ತಮ್ಮ ತಮ್ಮ ಪಾಡಿಗೆ ತಿಳಿದ ರೀತಿಯಲ್ಲೇ ಕೆಲಸ ಮಾಡುವ ತಿಳಿದ ಸಾಧನಗಳನ್ನು ಬರಿದೇ ಜೋಡಿಸಿಟ್ಟರೆ ಅದು ಆವಿಷ್ಕಾರವಲ್ಲ ಎಂದು ಅದರ ಮೂರನೆಯ ವಿಧಿ ಹೇಳುತ್ತದೆ. ಕೊಡೆಗೆ ಫ್ಯಾನು, ಬಕೆಟ್ಟಿಗೆ ಟಾರ್ಚು, ಒಂದೇ ಪೆಟ್ಟಿಗೆಯಲ್ಲಿ ಗಡಿಯಾರ ಮತ್ತು ರೇಡಿಯೋ — ಇವು ಈ ಮಾತಿಗೆ ಕೊಡುವ ಉದಾಹರಣೆಗಳು. ನಮ್ಮ ರೇಡಿಯೋವನ್ನು ಈ ಸಾಲಿನಲ್ಲಿ ಕಂಡು ಯಾರೂ ಬೇಸರಿಸಬೇಕಾಗಿಲ್ಲ. ಗಡಿಯಾರದ ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಅದು ಚೆನ್ನಾಗಿ ಹಾಡುವುದಿಲ್ಲ, ಅಷ್ಟೆ.

ಎಲ್ಲ ದೇಶಗಳ ಪರೀಕ್ಷಕರೂ ಒಂದೇ ಪ್ರಶ್ನೆ ಕೇಳುತ್ತಿದ್ದರೆಂದು ತಿಳಿಯಬಾರದು. 1972ರಲ್ಲಿ ಬ್ರಿಟನ್ನಿನಲ್ಲಿದ್ದುದು 1949ರ ಕಾಯಿದೆ. ಆ ಪ್ರಕಾರ ಪರೀಕ್ಷಕ ಹೊಸತನವನ್ನು ನೋಡುತ್ತಿದ್ದ; ಆದರೆ ‘ಇದು ಆ ಕಸುಬು ಬಲ್ಲ ಯಾರಿಗಾದರೂ ಸಹಜವಾಗಿ ಹೊಳೆಯುವಂಥದು’ ಎಂದು ತಾನಾಗಿ ಆಕ್ಷೇಪ ಎತ್ತುವಂತಿರಲಿಲ್ಲ. ಅದನ್ನು ಎದುರಾಳಿಗಳು ಎತ್ತಬೇಕಾಗಿತ್ತು. ಈ ಅಧಿಕಾರ ಅವನಿಗೆ ಬಂದದ್ದು 1977ರ ಕಾಯಿದೆಯಿಂದ. ಅಮೆರಿಕದಲ್ಲಾದರೋ 1952ರ ಕಾಯಿದೆಯಲ್ಲೇ ಈ ಪ್ರಶ್ನೆಯನ್ನು ಬರೆದಿಟ್ಟಿದ್ದರು.

ಪರೀಕ್ಷಕ ಒಪ್ಪಿದರೂ ಕತೆ ಮುಗಿಯಿತೆನ್ನುವಂತಿಲ್ಲ. ಮಿರ್ಜಾಪುರದ ಹಿತ್ತಾಳೆ ಪಾತ್ರೆಯವರ ಮೊಕದ್ದಮೆ ಇದಕ್ಕೆ ಸಾಕ್ಷಿ. ಲೇತಿನಲ್ಲಿ ಪಾತ್ರೆ ತಿರುಗುವಾಗ ಕಿತ್ತು ಹಾರಿ ಕೆಲಸಗಾರರಿಗೆ ಅಪಾಯವಾಗುತ್ತಿತ್ತು. ಪಾತ್ರೆಯನ್ನು ಭದ್ರವಾಗಿ ಹಿಡಿಯುವ ಏರ್ಪಾಟೊಂದಕ್ಕೆ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪೇಟೆಂಟು ಪಡೆದಿತ್ತು. 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಅನೂರ್ಜಿತವೆಂದಿತು. ಉಪಯೋಗವಿಲ್ಲವೆಂದಲ್ಲ; ಅದು ಕಾರ್ಯಾಗಾರದ ಸಾಮಾನ್ಯ ಸುಧಾರಣೆ, ಅದರಲ್ಲಿ ಆವಿಷ್ಕಾರದ ಹೆಜ್ಜೆಯಿಲ್ಲ ಎಂದು. ಪೇಟೆಂಟು ಕೊಟ್ಟ ಮಾತ್ರಕ್ಕೆ ಅದರ ಸಿಂಧುತ್ವಕ್ಕೆ ಯಾರೂ ಜಾಮೀನಲ್ಲವೆಂದೂ ಹೇಳಿತು. ಉಪಯೋಗವಿದ್ದರೆ ಸಾಲದೇ ಎಂದು ಮನಸ್ಸು ಕೇಳುತ್ತದೆ, ನಿಜ. ಆದರೆ ಪ್ರತಿಯೊಂದು ಸಣ್ಣ ಸುಧಾರಣೆಗೂ ಬೇಲಿ ಹಾಕಿದರೆ ಪಕ್ಕದ ಲೇತಿನವನು ಕೈಯಾಡಿಸುವುದೆಲ್ಲಿ?

ಬೇಲಿಯೆಂದೆ. ಪೇಟೆಂಟಿನ ಬೇಲಿ ಕಟ್ಟುವುದು ಮಾತಿನಿಂದ. ವಿವರಣಾಪತ್ರದ ಕೊನೆಯಲ್ಲಿ ‘ನಾನು ಕೇಳುವ ಹಕ್ಕು ಇಷ್ಟು’ ಎಂದು ಬರೆಯುವ ಹಕ್ಕುಕೋರಿಕೆಗಳೇ ಅದರ ಗೂಟಗಳು. ಅಗಲವಾಗಿ ಬರೆದರೆ ಪರೀಕ್ಷಕ ಹಳೆಯದೊಂದನ್ನು ತಂದು ತೋರಿಸಿ ಕಿತ್ತುಹಾಕುತ್ತಾನೆ. ಕಿರಿದಾಗಿ ಬರೆದರೆ ನೆರೆಯವನು ಪಕ್ಕದಿಂದ ನಡೆದುಹೋಗುತ್ತಾನೆ. ಮೆಕ್‌ಮರ್ಟ್ರಿಯ ಮುಂದಿನ ಪೇಟೆಂಟೊಂದರ ವಿಷಯದಲ್ಲಿ ರೆನಿಶಾ ಕಂಪೆನಿ ಇಟಲಿಯ ಮಾರ್ಪೋಸ್ ಕಂಪೆನಿಯ ಮೇಲೆ ಅಮೆರಿಕದಲ್ಲಿ ಹೂಡಿದ ದಾವೆ ಒಂದು ಪುಟ್ಟ ಪದದ ಮೇಲೆ ನಿಂತಿತು. ಕಡ್ಡಿಯ ತುದಿ ವಸ್ತುವಿಗೆ ‘ತಾಗಿದಾಗ’ ಸಂಕೇತ ಬರುತ್ತದೆ ಎಂದು ಹಕ್ಕುಕೋರಿಕೆಯಲ್ಲಿತ್ತು. ಇಂಗ್ಲಿಷಿನ ‘ವೆನ್’ ಎಂಬ ಪದ. ಮಾರ್ಪೋಸಿನ ಕಡ್ಡಿ ತಾಗಿದ ಮೇಲೆ ಇನ್ನೂ ಸ್ವಲ್ಪ ವಾಲಿದ ನಂತರವೇ ಸಂಕೇತ ಕೊಡುತ್ತಿತ್ತು. ‘ವೆನ್’ ಎಂದರೆ ತಾಗಿದಾಗಲೋ ಆಮೇಲೋ ಎಂಬ ವಿಶಾಲಾರ್ಥವೂ ನಿಘಂಟಿನಲ್ಲಿದೆಯೆಂದು ರೆನಿಶಾ ವಾದಿಸಿತು.

ಕನ್ನಡದಲ್ಲೂ ಈ ಸಂಶಯಕ್ಕೆ ಎಡೆಯುಂಟು. ‘ಮಳೆ ಬಂದಾಗ ಕೊಡೆ ಬಿಡಿಸು’ ಎಂದರೆ ಹನಿ ಬಿದ್ದ ತಕ್ಷಣ. ‘ಸಂಬಳ ಬಂದಾಗ ಸಾಲ ತೀರಿಸುತ್ತೇನೆ’ ಎಂದರೆ ಎಂದೆಂಬುದು ಸಾಲ ಕೊಟ್ಟವರಿಗೆ ಗೊತ್ತು. ಅಮೆರಿಕದ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ನಿಘಂಟನ್ನು ಬದಿಗಿಟ್ಟು ರೆನಿಶಾದ ವಿವರಣಾಪತ್ರವನ್ನೇ ಓದಿತು. ತಾಗಿದ ಮೇಲೆ ಆದಷ್ಟು ಬೇಗ ಸಂಕೇತ ಬರಬೇಕೆಂಬುದೇ ಈ ಸಾಧನದ ಹೆಚ್ಚುಗಾರಿಕೆ ಎಂಬ ಧೋರಣೆ ಅಲ್ಲಿತ್ತು. ಆದ್ದರಿಂದ ‘ವೆನ್’ ಎಂದರೆ ‘ತಾಗಿದೊಡನೆ’ ಎಂದೇ ಅರ್ಥ. ತಡವಾಗಿ ಕೂಗುವ ಮಾರ್ಪೋಸಿನ ಕಡ್ಡಿ ಬೇಲಿಯ ಹೊರಗೆ. ರೆನಿಶಾ ಸೋತಿತು.

ನಮ್ಮ ಊರುಗಳ ಕಾರ್ಯಾಗಾರಗಳಲ್ಲಿ ಕೈಹಚ್ಚಿ ಏನನ್ನಾದರೂ ಹೊಸದಾಗಿ ಮಾಡಿದವರಿಗೆ ಒಂದೆರಡು ಸಂಗತಿ ತಿಳಿದಿದ್ದರೆ ಒಳ್ಳೆಯದು. ಅರ್ಜಿ ಸಲ್ಲಿಸುವ ಮುಂಚೆ ಜಾತ್ರೆಯ ವಸ್ತುಪ್ರದರ್ಶನದಲ್ಲಿ ತೋರಿಸುವುದಾಗಲಿ, ಪತ್ರಿಕೆಗೆ ವಿವರವಾಗಿ ಹೇಳುವುದಾಗಲಿ, ಆಕಾಶವಾಣಿಯಲ್ಲಿ ಭಾಷಣ ಮಾಡುವುದಾಗಲಿ ಬೇಡ. ಸರಕಾರ ಅಧಿಸೂಚನೆ ಹೊರಡಿಸಿದ ಕೆಲವು ಪ್ರದರ್ಶನಗಳಿಗೆ ವಿನಾಯಿತಿಯುಂಟು. ಉಳಿದೆಡೆ, ನಮ್ಮದೇ ಬಾಯಿಮಾತು ನಮ್ಮ ಹೊಸತನವನ್ನು ಹಳತು ಮಾಡಬಹುದು. ಪೂರ್ತಿ ಸಿದ್ಧವಾಗಿಲ್ಲದಿದ್ದರೆ ತಾತ್ಕಾಲಿಕ ವಿವರಣಾಪತ್ರ ಸಲ್ಲಿಸಿ ದಿನಾಂಕ ಹಿಡಿದುಕೊಳ್ಳಬಹುದು. ಪೂರ್ಣ ವಿವರಕ್ಕೆ ಹನ್ನೆರಡು ತಿಂಗಳ ಕಾಲಾವಕಾಶ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಪರೀಕ್ಷೆಗೆ ಬೇರೆಯಾಗಿ ಕೋರಿಕೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ, ಕಡತ ಮಲಗಿದೆಯೆಂದು ಕಾಯುತ್ತ ಕೂತರೆ ಪ್ರಯೋಜನವಿಲ್ಲ. ಪರೀಕ್ಷಕನ ಮೊದಲ ವರದಿಯಲ್ಲಿ ಆಕ್ಷೇಪಗಳ ಪಟ್ಟಿ ಬಂದರೆ ಎದೆಗುಂದುವುದು ಬೇಡ. ಬಹುಪಾಲು ಅರ್ಜಿಗಳಿಗೆ ಅದು ಬರುವುದೇ. ಆರು ತಿಂಗಳೊಳಗೆ ಉತ್ತರ ಕೊಟ್ಟು, ಬೇಕಾದಲ್ಲಿ ಹಕ್ಕುಕೋರಿಕೆಗಳನ್ನು ಕಿರಿದುಗೊಳಿಸಿ, ವಾದಿಸಬಹುದು. ದೊರೆತ ಪೇಟೆಂಟಿನ ಆಯುಷ್ಯ, ವರ್ಷವರ್ಷದ ಶುಲ್ಕ ಕಟ್ಟುತ್ತ ಬಂದರೆ, ಅರ್ಜಿಯ ದಿನದಿಂದ 20 ವರ್ಷ.

ಮೆಕ್‌ಮರ್ಟ್ರಿ 2024ರಲ್ಲಿ ತೀರಿಕೊಂಡ. 1972ರ ಮೂಲ ಪೇಟೆಂಟುಗಳ ಅವಧಿ ಅದಕ್ಕೂ ಬಹಳ ಹಿಂದೆಯೇ ಮುಗಿದಿತ್ತು. ಆರು ಸ್ಪರ್ಶಗಳ ಆ ಪೀಠವನ್ನು ಇಂದು ಪೀಣ್ಯದ ಕಾರ್ಯಾಗಾರದಲ್ಲಿ ಯಾರು ಬೇಕಾದರೂ ಮಾಡಬಹುದು. ಮಾಡುವ ಬಗೆ, ಚಿತ್ರಸಹಿತವಾಗಿ, ಆ ಹಳೆಯ ವಿವರಣಾಪತ್ರಗಳಲ್ಲೇ ಇದೆ. ಅದರ ಮೇಲೆ ಆಮೇಲಿನವರು ಮಾಡಿದ ಸುಧಾರಣೆಗಳಲ್ಲಿ ಯಾವುದಕ್ಕೆ ಇನ್ನೂ ಪೇಟೆಂಟು ಉಳಿದಿದೆ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಬೇಕು.