ಮರೆತ ಕೈಗೊಂದು ಉದ್ಯೋಗ

ಅವರೆಕಾಯಿಯನ್ನು ಸುಲಿಯುವಾಗ ನಿಮ್ಮ ಎರಡು ಕೈಗಳು ಏನೇನು ಮಾಡುತ್ತವೆಂಬುದನ್ನು ಒಮ್ಮೆ ಗಮನಿಸಿರಿ. ಒಂದು ಕೈ ಕಾಯಿಯನ್ನು ಹಿಡಿದು ತಿರುಗಿಸಿಕೊಡುತ್ತದೆ. ಇನ್ನೊಂದರ ಹೆಬ್ಬೆರಳು ಸಿಪ್ಪೆಯ ಅಂಚನ್ನು ಒತ್ತಿ ಬಿಡಿಸುತ್ತದೆ. ನಾವು ಜಾಣ್ಮೆಯನ್ನೆಲ್ಲ ಬಿಡಿಸಿದ ಕೈಗೇ ಸಲ್ಲಿಸುತ್ತೇವೆ. ಆದರೆ ಹಿಡಿದ ಕೈ ಸಡಿಲವಾಯಿತೋ, ಕಾಳು ಹೊರಬೀಳುವ ಮಾತೇ ಇಲ್ಲ. ಅಂಗಿಯ ಗುಂಡಿ ಹಾಕುವುದು, ಕಾಗದ ಕತ್ತರಿಸುವುದು, ಜಡೆ ಹೆಣೆಯುವುದು, ಎಲ್ಲವೂ ಇಂಥ ಜೋಡಿ ದುಡಿಮೆಗಳೇ. ಈ ಜೋಡಿಯಲ್ಲಿ ಒಂದು ಕೈ ಎಳವೆಯಿಂದಲೇ ಹಿಂದೆ ಸರಿದು ನಿಂತಿರುವ ಮಕ್ಕಳಿದ್ದಾರೆ. ಅದನ್ನು ಕೆಲಸಕ್ಕೆ ಕರೆತರಲು ಸಾಧ್ಯವೆ?

ಇಂಥ ಮಗುವಿನ ಕೈಯಲ್ಲಿ ಎಲುಬಾಗಲಿ ಸ್ನಾಯುವಾಗಲಿ ಮೊದಲಿಗೆ ಕೆಟ್ಟಿರುವುದಿಲ್ಲ. ಪೆಟ್ಟು ಬಿದ್ದಿರುವುದು ಮಿದುಳಿಗೆ. ಗರ್ಭದಲ್ಲಿರುವಾಗಲೋ, ಹೆರಿಗೆಯ ಸಮಯದಲ್ಲೋ, ಅನಂತರದ ಎಳೆತನದಲ್ಲೋ ಬೆಳೆಯುತ್ತಿರುವ ಮಿದುಳಿಗೆ ಗಾಯವಾದರೆ ಚಲನೆಯ ಹತೋಟಿ ತಪ್ಪುತ್ತದೆ. ವೈದ್ಯರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಇದು ತಗಲುತ್ತದೆ. ಮಿದುಳಿನ ಎಡ ಅರ್ಧದಿಂದ ಹೊರಟ ನರತಂತುಗಳಲ್ಲಿ ಬಹುಪಾಲು ದಾರಿಯಲ್ಲಿ ಪಕ್ಕ ಬದಲಿಸಿ ದೇಹದ ಬಲಭಾಗವನ್ನೂ, ಬಲ ಅರ್ಧದವು ಎಡಭಾಗವನ್ನೂ ಆಳುವುದರಿಂದ, ಒಂದು ಪಕ್ಕದ ಗಾಯಕ್ಕೆ ಎದುರು ಪಕ್ಕದ ಕೈಕಾಲು ತೆರ ತೆರಬೇಕಾಗುತ್ತದೆ. ಈ ಗಾಯವು ಮುಂದೆ ಬೆಳೆಯುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ತೊಡಕು ಇರುವುದು ಇಲ್ಲಿಯೇ.

ಹುಟ್ಟಿದಾಗ ಮಿದುಳಿನ ಪ್ರತಿಯೊಂದು ಅರ್ಧದಿಂದಲೂ ದೇಹದ ಎರಡೂ ಪಕ್ಕಗಳಿಗೆ ನರಗಳ ಹಾದಿಗಳಿರುತ್ತವೆ. ಮೊದಲ ಕೆಲವು ವರ್ಷಗಳಲ್ಲಿ ಇವುಗಳೊಳಗೆ ಒಂದು ಪೈಪೋಟಿ ನಡೆಯುತ್ತದೆ. ನಮ್ಮ ಹಳ್ಳಿಗಳ ಕಾಲುದಾರಿಗಳಂತೆಯೇ, ಜನ ನಡೆದದ್ದು ಉಳಿಯುತ್ತದೆ, ನಡೆಯದ್ದರಲ್ಲಿ ಹುಲ್ಲು ಬೆಳೆಯುತ್ತದೆ. ಸಾಮಾನ್ಯವಾಗಿ ಗೆಲ್ಲುವುದು ಎದುರು ಪಕ್ಕಕ್ಕೆ ದಾಟಿದ ಹಾದಿ. ಗಾಯಗೊಂಡ ಅರ್ಧದಿಂದ ಆಜ್ಞೆಗಳು ವಿರಳವಾಗಿ ಬರುವುದರಿಂದ ಅದರ ಹಾದಿ ಸೊರಗುತ್ತದೆ. ಮಗುವಂತೂ ದಡ್ಡನಲ್ಲ, ಯಾವ ಕೈ ಚಾಚಿದರೆ ಗಿಲಕಿ ಸಿಕ್ಕುವುದೋ ಅದನ್ನೇ ಚಾಚುತ್ತದೆ. ಎಟುಕದ ಕೈಯನ್ನು ಕ್ರಮೇಣ ಮರೆಯುತ್ತದೆ. ಮನೆಯವರ ಅಕ್ಕರೆಯೂ ಅರಿಯದೆ ಇದಕ್ಕೆ ನೆರವಾಗುತ್ತದೆ: ಅಜ್ಜಿ ಉಣಿಸುತ್ತಾಳೆ, ತಾಯಿ ಅಂಗಿ ತೊಡಿಸುತ್ತಾಳೆ, ಅಣ್ಣ ಚೀಲ ಹೊರುತ್ತಾನೆ. ಗಾಯದಿಂದ ಕಳೆದುಹೋದದ್ದರ ಮೇಲೆ, ಬಳಸದೆ ಕಳೆದುಹೋದದ್ದೂ ಸೇರಿಕೊಳ್ಳುತ್ತದೆ. ಈ ಎರಡನೆಯದನ್ನಾದರೂ ಹಿಂದಕ್ಕೆ ಪಡೆಯಬಹುದೆಂಬುದೇ ಆಕ್ಯುಪೇಷನಲ್ ಥೆರಪಿಯ ಭರವಸೆ.

ಕನ್ನಡದಲ್ಲಿ ಇದನ್ನು ಔದ್ಯೋಗಿಕ ಚಿಕಿತ್ಸೆ ಎನ್ನುವುದುಂಟು. ಮೂರು ವರ್ಷದ ಕೂಸಿಗೆ ಎಲ್ಲಿಯ ಉದ್ಯೋಗ, ಎಲ್ಲಿಯ ಸಂಬಳ ಎಂದು ಯಾರಾದರೂ ನಕ್ಕಾರು! ಇಲ್ಲಿ ಉದ್ಯೋಗವೆಂದರೆ ಮನುಷ್ಯನ ದಿನವನ್ನು ತುಂಬುವ ಅರ್ಥವುಳ್ಳ ಚಟುವಟಿಕೆ. ಮಗುವಿಗೆ ಅದು ಆಟ, ಊಟ, ಉಡುಪು, ಓದು. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಈ ಚಿಕಿತ್ಸೆಯ ಸಂಘವನ್ನು ಕಟ್ಟಿದವರಲ್ಲೊಬ್ಬರಾದ ಜಾರ್ಜ್ ಬಾರ್ಟನ್ ವೈದ್ಯರಲ್ಲ, ವಾಸ್ತುಶಿಲ್ಪಿ. ಎಡಪಕ್ಕದ ಸ್ವಾಧೀನ ತಪ್ಪಿದ್ದ ಅವರು ಬಡಗಿಯ ಕೆಲಸ, ತೋಟದ ಕೆಲಸಗಳಿಂದ ಚೇತರಿಸಿಕೊಂಡಿದ್ದರು. ಭಾರತದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತೆರೆದವರು, ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್.

ಚಿಕಿತ್ಸಕಿಯ ಸಲಕರಣೆಗಳನ್ನು ಕಂಡರೆ ಆಟದ ಸಾಮಾನಿನ ಅಂಗಡಿಯೆಂದೇ ತೋರುತ್ತದೆ. ಜೇಡಿಮಣ್ಣು, ಮಣಿಗಳು, ದಪ್ಪ ಹಿಡಿಯ ಚಮಚೆ. ಆದರೆ ಅವುಗಳ ಹಿಂದೆ ಲೆಕ್ಕಾಚಾರವಿದೆ. ಕೆಲಸವು ಮಗುವಿನ ಶಕ್ತಿಗಿಂತ ಒಂದೇ ಒಂದು ಗೇಣು ಮುಂದಿರಬೇಕು. ತೀರ ಸುಲಭವಾದರೆ ಕಲಿಯುವುದಿಲ್ಲ, ತೀರ ಕಷ್ಟವಾದರೆ ಮುನಿದು ಎದ್ದುಹೋಗುತ್ತದೆ. ಅಂಗಿ ತೊಡುವುದನ್ನು ಕಲಿಸುವಾಗ ಹಲವು ವೇಳೆ ಕೊನೆಯಿಂದ ಆರಂಭಿಸುತ್ತಾರೆ. ಮೇಲಿನ ಗುಂಡಿಗಳನ್ನೆಲ್ಲ ದೊಡ್ಡವರು ಹಾಕಿ, ಕಟ್ಟಕಡೆಯದನ್ನು ಮಗುವಿಗೆ ಬಿಡುತ್ತಾರೆ. ಕೆಲಸ ಮುಗಿಸಿದ ಹಿಗ್ಗು ಮಗುವಿನ ಪಾಲಿಗೆ. ಇನ್ನೊಬ್ಬರು ಮಗುವಿನ ಕೈ ಹಿಡಿದು ಆಡಿಸಿದ ಮಾತ್ರಕ್ಕೆ ಕೈ ಕೆಲಸ ಕಲಿಯುವುದಿಲ್ಲ. ಮಗುವೇ ಬಯಸಿ, ಪ್ರಯತ್ನಿಸಿ, ತಪ್ಪಿ, ತಿದ್ದಿಕೊಳ್ಳಬೇಕು.

ಮರೆತ ಕೈಯ ವಿಷಯದಲ್ಲಿ ಹೊಸ ಹಾದಿ ತೆರೆದದ್ದು ಎಡ್ವರ್ಡ್ ಟಾಬ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಕೋತಿಗಳ ಪ್ರಯೋಗ. ಒಂದು ತೋಳಿನ ಸ್ಪರ್ಶನರಗಳನ್ನು ಕತ್ತರಿಸಿದಾಗ ಕೋತಿ ಆ ತೋಳನ್ನು ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ಬಿಟ್ಟ ತೋಳನ್ನೇ ಬಳಸತೊಡಗಿತು. ಬಳಸದಿರುವುದೂ ಒಂದು ಕಲಿಕೆಯೆಂದು ಇದರಿಂದ ತಿಳಿದುಬಂದಿತು. ಆ ಪ್ರಾಣಿಗಳ ಪಾಡಿನ ಬಗ್ಗೆ 1981ರಲ್ಲಿ ಮೇರಿಲ್ಯಾಂಡಿನಲ್ಲಿ ಮೊಕದ್ದಮೆಯೇ ನಡೆಯಿತು. ಜ್ಞಾನಕ್ಕೆ ತೆತ್ತ ಬೆಲೆಯನ್ನು ಮರೆಯುವುದು ನ್ಯಾಯವಲ್ಲ. ಮುಂದೆ ಇದೇ ತತ್ತ್ವವನ್ನು ಪಾರ್ಶ್ವವಾಯುವಾದ ವಯಸ್ಕರಿಗೂ, ಬಳಿಕ ಮಕ್ಕಳಿಗೂ ಅನ್ವಯಿಸಿದರು. 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿದ್ದ 18 ಮಕ್ಕಳಲ್ಲಿ ಒಂದು ಗುಂಪಿಗೆ ಒಳ್ಳೆಯ ಕೈಗೆ ಹಗುರವಾದ ಕಟ್ಟು ಹಾಕಿ, ದಿನಕ್ಕೆ 6 ಗಂಟೆಯಂತೆ 21 ದಿನ ದುರ್ಬಲ ಕೈಯಿಂದ ಆಡಿಸಲಾಯಿತು. ರೂಢಿಯ ಚಿಕಿತ್ಸೆ ಪಡೆದವರಿಗಿಂತ ಇವರು ಎಷ್ಟೋ ಮುಂದೆ ಹೋದರು.

ಆದರೆ ಚೆನ್ನಾಗಿರುವ ಕೈಯನ್ನು ಕಟ್ಟಿಹಾಕುವುದೆಂದರೆ ಪುಟ್ಟ ಮಗುವಿಗೆ ಅದು ಸಣ್ಣ ಶಿಕ್ಷೆಯಲ್ಲ. ಮೇಲಾಗಿ, ಅವರೆಕಾಯಿಗೆ ಬೇಕಾದುದು ಎರಡು ಕೈಗಳಲ್ಲವೆ? ಕೊಲಂಬಿಯ ವಿಶ್ವವಿದ್ಯಾನಿಲಯದ ಆಂಡ್ರೂ ಗಾರ್ಡನ್ ಮತ್ತು ಸಂಗಡಿಗರು ಕಟ್ಟನ್ನು ಬಿಟ್ಟು, ಎರಡೂ ಕೈ ಬೇಡುವ ಆಟಗಳನ್ನೇ ಆರಿಸಿ ಅಷ್ಟೇ ತೀವ್ರವಾದ ಅಭ್ಯಾಸ ಮಾಡಿಸಿದರು. 2011ರಲ್ಲಿ ಪ್ರಕಟವಾದ ಅವರ ಹೋಲಿಕೆಯಲ್ಲಿ 42 ಮಕ್ಕಳಿದ್ದರು. ಎರಡೂ ಪಂಗಡಗಳಿಗೆ 90 ಗಂಟೆಗಳ ಅಭ್ಯಾಸ. ಕೈಯ ಕೌಶಲದಲ್ಲಿ ಎರಡೂ ಪಂಗಡಗಳು ಹೆಚ್ಚುಕಡಮೆ ಸಮಾನವಾಗಿ ಮುಂದುವರಿದುವು. ತಾವೇ ಬಯಸಿ ಗೊತ್ತುಮಾಡಿಕೊಂಡಿದ್ದ ಗುರಿಗಳ ವಿಷಯದಲ್ಲಿ ಮಾತ್ರ ಎರಡು ಕೈಯವರದೇ ಮೇಲುಗೈ. ಇದು ಕೂಡ ಗಾಯವನ್ನು ಮಾಯಿಸುವುದಿಲ್ಲ. ದುರ್ಬಲ ಕೈ ಸಾಮಾನ್ಯವಾಗಿ ಮುಂದಾಳಾಗುವುದಿಲ್ಲ, ಒಳ್ಳೆಯ ಸಹಾಯಕನಾಗಬಹುದು ಅಷ್ಟೆ.

ಹೀಗಾಗಿ ಚಿಕಿತ್ಸಕಿ ಈಗ ಮೊದಲು ಕೇಳುವ ಪ್ರಶ್ನೆ, ನಿನಗೇನು ಮಾಡಲು ಆಸೆ ಎಂಬುದು. ಹನ್ನೆರಡು ವರ್ಷದ ಹುಡುಗನೊಬ್ಬ ಸೈಕಲ್ಲಿನ ಎಡಗಡೆಯ ಬ್ರೇಕು ಹಿಡಿಯಬೇಕು ಎಂದನೆನ್ನಿ. ಅವನಿಗೆ ಮಣಿ ಪೋಣಿಸುವ ಪಾಠ ಬೇಡ. ನಿಲ್ಲಿಸಿದ ಸೈಕಲ್ಲಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಬ್ರೇಕಿನ ತಂತಿಯನ್ನು ತುಸು ಸಡಿಲಿಸಿ, ಅಲ್ಲಿಯೇ ಅಭ್ಯಾಸ ಆರಂಭವಾಗುತ್ತದೆ.