ಬಂದೂಕಿನ ದುರ್ಬೀನು: ಎಷ್ಟು ಪಟ್ಟು ಸಾಕು?

ಬೆಂಗಳೂರಿನ ಕಗ್ಗದಾಸಪುರದ ಪಕ್ಕದ ಬಡಾವಣೆಗೆ ಬೆಳಕಿನ ವಿಜ್ಞಾನಿ ಸಿ.ವಿ. ರಾಮನ್ ಅವರ ಹೆಸರಿದೆ. ಅಲ್ಲಿನ ರಕ್ಷಣಾ ಪ್ರಯೋಗಾಲಯಗಳು ರೇಡಾರ್, ಚಾಲಕರಹಿತ ವಿಮಾನಗಳಿಗೆ ಹೆಸರಾದವು. ಬಹುದೂರ ನೋಡುವ ಆ ಯಂತ್ರಗಳ ಮುಂದೆ ರೈಫಲಿನ ಮೇಲೆ ಕೂರುವ ಗೇಣುದ್ದದ ದುರ್ಬೀನು ಬಡಪಾಯಿಯೇ ಸರಿ. ಆದರೆ ದೂರದ್ದನ್ನು ಎಷ್ಟು ಹತ್ತಿರ ತರಬೇಕು ಎಂಬ ಪ್ರಶ್ನೆ ಅದಕ್ಕೂ ಇದೆ.

ವರ್ಧನೆ ಬದಲಾಗದ ದುರ್ಬೀನಿನ ಮೇಲೆ ಎರಡು ಅಂಕಿಗಳಿರುತ್ತವೆ. 4x24 ಎಂದರೆ ನಾಲ್ಕು ಪಟ್ಟು ವರ್ಧನೆ, ಮುಂದಿನ ಮಸೂರದ ಅಗಲ 24 ಮಿಲಿಮೀಟರ್. 400 ಮೀಟರ್ ದೂರದಲ್ಲಿ ನಿಂತ ಮನುಷ್ಯ 100 ಮೀಟರಿನಲ್ಲಿ ನಿಂತಂತೆ ಕಾಣುತ್ತಾನೆ. ಭಾರತೀಯ ಸೇನೆ ದಶಕಗಳಿಂದ ಬಳಸುತ್ತ ಬಂದ, ರಷ್ಯಾ ಮೂಲದ ಡ್ರಾಗುನೋವ್ ರೈಫಲಿನ ಪಿಎಸ್‌ಒ-1 ದುರ್ಬೀನು ಇಂಥದ್ದೇ. ಅದರ ಗಾಜಿನೊಳಗೆ ಒಂದು ಬಾಗಿದ ಗೆರೆಯಿದೆ. 1.7 ಮೀಟರ್ ಎತ್ತರದ ಆಳನ್ನು ಅದರ ಕೆಳಗೆ ನಿಲ್ಲಿಸಿ ನೋಡಿದರೆ ದೂರ ತಿಳಿಯುತ್ತದೆ. ವರ್ಧನೆ ಬದಲಾಗದ ಕಾರಣ ಈ ಅಳತೆಗೋಲಿನ ಲೆಕ್ಕವೂ ಬದಲಾಗುವುದಿಲ್ಲ.

ಹಾಗಾದರೆ ನಾಲ್ಕರ ಬದಲು ಹತ್ತು ಪಟ್ಟು ಇದ್ದರೆ ಇನ್ನೂ ಒಳ್ಳೆಯದಲ್ಲವೇ? ಅಂಗಡಿಯಲ್ಲಿ ಕೊಳ್ಳುವವನಿಗೆ ಹಾಗೆನಿಸುವುದು ಸಹಜ. ಆದರೆ ದುರ್ಬೀನು ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ವರ್ಧನೆ ಏರಿದಂತೆ ಕಾಣುವ ಜಾಗ ಕಿರಿದಾಗುತ್ತದೆ; ಕೈಯ ನಡುಕ, ಬಿಸಿಲಿಗೆ ನೆಲದಿಂದೇಳುವ ಝಳ ಕೂಡ ಅಷ್ಟೇ ಪಟ್ಟು ದೊಡ್ಡದಾಗುತ್ತವೆ. ಬೆಳಕಿನ ಲೆಕ್ಕವಂತೂ ಬರೀ ಭಾಗಾಕಾರ. 24ನ್ನು 4ರಿಂದ ಭಾಗಿಸಿದರೆ 6: ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ 6 ಮಿಲಿಮೀಟರ್. ಮಸೂರ 42 ಮಿಲಿಮೀಟರಿನದಾದರೂ ಹತ್ತು ಪಟ್ಟಿಗೆ ಅದು 4.2ಕ್ಕೆ ಇಳಿಯುತ್ತದೆ. ಹರೆಯದವರ ಕಣ್ಣಿನ ಪಾಪೆ ಕತ್ತಲಲ್ಲಿ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಹೀಗಾಗಿ ಮಟಮಟ ಮಧ್ಯಾಹ್ನ ಎರಡೂ ಒಂದೇ. ಮುಸ್ಸಂಜೆಯಲ್ಲಿ ಹತ್ತು ಪಟ್ಟಿನ ಗಾಜು ಮಂಕಾಗುತ್ತದೆ.

ಬಯಲಲ್ಲಿ ಮಲಗಿ, ಬಂದೂಕನ್ನು ಆಸರೆಗಿಟ್ಟು, ದೂರದ ಒಂದೇ ಗುರಿಯನ್ನು ಗಂಟೆಗಟ್ಟಲೆ ಕಾಯುವವನಿಗೆ ಹತ್ತು ಪಟ್ಟು ಸರಿ. ಅಮೆರಿಕದ ಮರೀನ್ ಪಡೆಯ ಗುರಿಕಾರರು ಬಹುಕಾಲ ಯುನರ್ಟಲ್ ಕಂಪನಿಯ ಅಂಥ ದುರ್ಬೀನನ್ನೇ ನೆಚ್ಚಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಲೀ-ಎನ್‌ಫೀಲ್ಡ್ ಗುರಿಕಾರರಿಗೆ ಮೂರು ಪಟ್ಟೇ ಸಾಕಾಗಿತ್ತು. ಪೊದೆ, ಓಣಿಗಳಲ್ಲಿ ನಡೆಯುವವನಿಗೆ ವರ್ಧನೆಯೇ ಇಲ್ಲದ, ಎರಡೂ ಕಣ್ಣು ತೆರೆದು ನೋಡುವ ಕೆಂಪು ಚುಕ್ಕೆಯ ಗಾಜು ಮೇಲು. ಇನ್ನು ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಪ್ರವೇಶವೇ ಇಲ್ಲ. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರಿನದು!

ಕರ್ನಾಟಕದಲ್ಲಿ ಬಂದೂಕು ಮನೆಯ ವಸ್ತುವಾಗಿರುವುದು ಕೊಡಗಿನಲ್ಲಿ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕಾಯಿ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು, ಬರಿಗಣ್ಣು ಸಾಕು. ಆದರೆ ಮಬ್ಬಿನಲ್ಲಿ ಪೊದೆ ಅಲುಗಿದಾಗ ಅದರ ಹಿಂದಿರುವುದು ಹಂದಿಯೋ ಮನುಷ್ಯನೋ ಎಂದು ತಿಳಿಯಬೇಕಾದರೆ ಬೇಕಾದದ್ದು ಬೆಳಕು ಮತ್ತು ಸುತ್ತಲಿನ ನೋಟ. ಹೆಚ್ಚಿನ ವರ್ಧನೆ ಕಸಿದುಕೊಳ್ಳುವುದು ಇವೆರಡನ್ನೇ.