ಗಾಜಿನ ಮಣಿ ತಯಾರಿಕೆ: ಮೇಲ್ಮೈ ದೋಷಗಳು ಮತ್ತು ಪರಿಹಾರ

ಉತ್ತರ ಪ್ರದೇಶದ ವಾರಾಣಸಿ, ಪುರ್ದಿಲ್‌ನಗರ ಮುಂತಾದೆಡೆ ಗಾಜಿನ ಕಡ್ಡಿಯನ್ನು ಬರ್ನರ್‌ನ ಜ್ವಾಲೆಯಲ್ಲಿ ಕರಗಿಸಿ, ತಂತಿಗೆ ಸುತ್ತಿ ಮಣಿ ತಯಾರಿಸುವ ಉದ್ಯಮವಿದೆ. ಈ ಕಸುಬಿನಲ್ಲಿ ತಿರಸ್ಕೃತ ಸರಕೇ ಲಾಭವನ್ನು ನುಂಗುತ್ತದೆ. ದೋಷದ ಸ್ವರೂಪವನ್ನು ಗುರುತಿಸಿದರೆ ಅದರ ಕಾರಣವೂ ಬಹುಮಟ್ಟಿಗೆ ತಿಳಿಯುತ್ತದೆ.

1. ಕಪ್ಪು ಛಾಯೆ: ಜ್ವಾಲೆಯಲ್ಲಿ ಅನಿಲ ಹೆಚ್ಚಾಗಿ ಆಮ್ಲಜನಕ ಕಡಿಮೆಯಾದಾಗ ಮಸಿ ಹಿಡಿಯುತ್ತದೆ. ಸೀಸವುಳ್ಳ ಗಾಜು ಕಪ್ಪಾಗುತ್ತದೆ. ತಾಮ್ರದಿಂದ ಬಣ್ಣ ಪಡೆದ ಹಸಿರುನೀಲಿ ಗಾಜಿನ ಮೇಲೆ ಕೆಂಪು ಪೊರೆ ಮೂಡುತ್ತದೆ. ಜ್ವಾಲೆಯ ಹಳದಿ ತುದಿ ಮರೆಯಾಗುವವರೆಗೆ ಆಮ್ಲಜನಕ ಅಥವಾ ಗಾಳಿಯನ್ನು ಹೆಚ್ಚಿಸಬೇಕು.

2. ಗುಳ್ಳೆ ಮತ್ತು ಕುಳಿ: ಗಾಜು ಅತಿಯಾಗಿ ಕಾದು ಕುದಿದಾಗ ಅಥವಾ ಕಡ್ಡಿಗೆ ಧೂಳು, ಜಿಡ್ಡು ಅಂಟಿದ್ದಾಗ ಉಂಟಾಗುತ್ತವೆ. ಕಡ್ಡಿಯನ್ನು ಒರೆಸಿ, ಜ್ವಾಲೆಯ ಬುಡದಿಂದ ದೂರದಲ್ಲಿ ನಿಧಾನವಾಗಿ ಕರಗಿಸಬೇಕು.

3. ಸುಕ್ಕಿನ ಗುರುತು: ತಣ್ಣನೆಯ ಉಪಕರಣ ತಾಗಿದ್ದರ ಫಲ. ಮಣಿಯನ್ನು ತಿರುಗಿಸುತ್ತಾ ಮೇಲ್ಮೈ ಮಾತ್ರ ಮೆದುವಾಗುವಷ್ಟು ಮತ್ತೆ ಕಾಯಿಸಿದರೆ ನುಣುಪು ಮರಳುತ್ತದೆ.

4. ಕೂದಲೆಳೆಯ ಬಿರುಕು: ಇದೇ ಅತ್ಯಂತ ನಷ್ಟದಾಯಕ, ಸರಕು ಗ್ರಾಹಕನ ಕೈ ಸೇರಿದ ಮೇಲೂ ಕಾಣಿಸಿಕೊಳ್ಳಬಹುದು. ಮಣಿ ಬೇಗ ತಣಿದದ್ದು ಒಂದು ಕಾರಣ. ಸೋಡಾ-ಸುಣ್ಣದ ಗಾಜಿನ ಮಣಿಗಳನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿರಿಸಿ, ಅನಂತರ ನಿಧಾನವಾಗಿ ತಣಿಸಬೇಕು. ಹಿಗ್ಗುವ ಪ್ರಮಾಣ ಬೇರೆಯಾದ ಗಾಜುಗಳನ್ನು ಬೆಸೆದದ್ದು ಇನ್ನೊಂದು ಕಾರಣ. ಇದನ್ನು ಕುಲುಮೆ ಸರಿಪಡಿಸಲಾರದು.

ಆದ್ದರಿಂದ ತಯಾರಕರು ಒಂದು ಮಣಿಗೆ ಪರಸ್ಪರ ಹೊಂದುವ ಕಡ್ಡಿಗಳನ್ನೇ ಬಳಸುವುದು, ವರ್ತಕರು ಖರೀದಿಗೆ ಮುನ್ನ ತಣಿಸಿದ ವಿಧಾನವನ್ನು ವಿಚಾರಿಸುವುದು ಹಿತಕರ.